ಹಿತ್ತಲಿನ ಪೂಲ್ ಮುಚ್ಚಿಸಿದೆವು: ಮಣ್ಣಿನ ಕೆಲಸಕ್ಕೆ ಐದು ಸ್ಟಾರ್, ಬಿಲ್ಲಿಗೆ ಎರಡು

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಹಳೇ ಕಾಂಕ್ರೀಟ್ ಪೂಲ್ ಇರೋ ಮನೆ ತಗೊಂಡವರಿಗೆ ಇದು ಉಪಯೋಗಕ್ಕೆ ಬರಬಹುದು. ಮಕ್ಕಳು ಕಾಲೇಜಿಗೆ ಹೋದ ಮೇಲೆ ನಮ್ಮ ಪೂಲಿನಲ್ಲಿ ಈಜುತ್ತಿದ್ದದ್ದು ತರಗೆಲೆ ಮಾತ್ರ.

ಎಲ್ಲರಿಗಿಂತ ಕಡಿಮೆ ರೇಟು ಹೇಳಿದವನು, ತಳಕ್ಕೆ ತೂತು ಹೊಡೆದು, ಮೇಲಿನ ಗೋಡೆ ಒಡೆದು ಒಳಗೇ ಹಾಕಿ ಮಣ್ಣು ಸುರಿದುಬಿಡ್ತೀನಿ ಅಂದ. ಬರೀ ಹುಲ್ಲು ಬೆಳೆಸೋದಾದರೆ ಅಷ್ಟು ಸಾಕು. ನಮಗೆ ಅಲ್ಲಿ ಅತ್ತೆಗೊಂದು ರೂಮು ಕಟ್ಟಿಸಬೇಕಿತ್ತು. ಅದಕ್ಕೇ ಕಾಂಕ್ರೀಟು, ಕಂಬಿ ಎಲ್ಲ ಕಿತ್ತು ಸಾಗಿಸೋ ಇವರನ್ನ ಹಿಡಿದೆವು.

ಒಡೆಯೋದು ಯಾರು ಬೇಕಾದರೂ ಒಡೀತಾರೆ. ಇವರ ಕೈಚಳಕ ಇದ್ದದ್ದು ಮಣ್ಣು ತುಂಬೋದರಲ್ಲಿ. ಎಂಟು ಇಂಚಿನಷ್ಟು ಹರಡಿ, ರೋಲರ್ ಓಡಿಸಿ, ಆಮೇಲೇ ಮುಂದಿನ ಪದರ. ರೋಲರ್ ಹೋಗದ ಮೂಲೆಗೆ ಮಣ್ಣು ಕುಟ್ಟೋ ಯಂತ್ರ, ರ‍್ಯಾಮರ್. ಮೇಸ್ತ್ರಿ ಆಗಾಗ ಒಂದು ಹಿಡಿ ಮಣ್ಣೆತ್ತಿ ಹಿಸುಕಿ ನೋಡೋನು. ಉಂಡೆ ಕಟ್ಟಿ, ಬೆರಳಲ್ಲಿ ಒತ್ತಿದರೆ ಎರಡು ಹೋಳಾಗಬೇಕು. ಉದುರಿದರೆ ನೀರು ಚಿಮುಕಿಸು, ಅಂಗೈಗೆ ಮೆತ್ತಿಕೊಂಡರೆ ಆರಲು ಬಿಡು. ಊರಲ್ಲಿ ಪಾಯ ತುಂಬಿದ ಮೇಲೆ ನೀರು ನಿಲ್ಲಿಸಿ "ಮಣ್ಣು ಕೂತ್ಕೊಳ್ಳಲಿ" ಅಂತಾರಲ್ಲ, ಇಲ್ಲಿ ತುಂಬಿದ ಜೇಡಿಮಣ್ಣಿಗೆ ಆ ಆಟ ನಡೆಯಲ್ಲ. ತೇವ ಹೆಚ್ಚಾದರೆ ರೋಲರ್ ಕೆಳಗೆ ರಬ್ಬರ್ ಥರ ಕುಣಿಯುತ್ತೆ. ಹಾಗೆ ಕುಣಿದ ಒಂದು ಪದರವನ್ನ, ಯಾರೂ ಹೇಳದೆಯೇ ಪೂರ್ತಿ ಕೆರೆದು ತೆಗೆದರು. ಅಡುಗೆಮನೆ ಕಿಟಕಿಯಿಂದ ನೋಡ್ತಿದ್ದ ನನಗೆ ಅಲ್ಲೇ ನಂಬಿಕೆ ಬಂತು.

ಪರೀಕ್ಷೆಗೆ ಬೇರೆ ಲ್ಯಾಬಿನವರು, ಮಣ್ಣು ಎಷ್ಟು ಗಟ್ಟಿಯಾಗಿ ಒತ್ತಿಕೊಂಡಿದೆ ಅಂತ ವಿಕಿರಣದಿಂದ ಅಳೆಯೋ ನ್ಯೂಕ್ಲಿಯರ್ ಗೇಜ್ ತಂದಿದ್ದರು. ಅದೇ ಮಣ್ಣು ಲ್ಯಾಬಿನ ಪ್ರಾಕ್ಟರ್ ಪರೀಕ್ಷೆಯಲ್ಲಿ ಎಷ್ಟು ಗಟ್ಟಿಯಾಗುತ್ತೋ ಅದರ ಶೇ. 95 ಬರಬೇಕು ಅಂತ ಒಪ್ಪಂದ. ಬಂತು.

ಇನ್ನು ದುಡ್ಡಿನ ವಿಷಯ. 30 ಅಡಿ ಉದ್ದ, 15 ಅಗಲ, ಸರಾಸರಿ 5 ಆಳ ಅಂದರೆ ಗುಂಡಿ 83 ಘನ ಗಜ. ಆದರೆ ಲಾರಿಯಿಂದ ಸುರಿದ ಮಣ್ಣು ಒತ್ತಿದ ಮೇಲೆ ಕುಗ್ಗುತ್ತೆ, 100ಕ್ಕೂ ಮೇಲೆ ತರಿಸಲೇಬೇಕು. ದಿನಾ ಇದೇ ಕೆಲಸ ಮಾಡೋರಿಗೆ ಇದು ಗೊತ್ತಿಲ್ಲವಾ? ಕೊಟೇಶನ್ನಿನಲ್ಲಿ 83 ಅಂತಲೇ ಬರೆದು, ಮಿಕ್ಕ ಲಾರಿಗಳ ಬಿಲ್ಲನ್ನ ಕೊನೆಗೆ ಕೈಗಿಟ್ಟರು. ಜಗಳಾಡಿ ಅರ್ಧ ಇಳಿಸಿದೆ. ಪಕ್ಕದ ಬೇಲಿಗೆ ಯಂತ್ರ ತಾಗಿ ಮುರಿದ ಹಲಗೆ ಇನ್ನೂ ಹಾಗೇ ಇದೆ.

ಇವರನ್ನೇ ಕರೆಸೋದಾದರೆ ಮಣ್ಣಿನ ಲೆಕ್ಕ ಒತ್ತಿದ ಮೇಲಿನದೋ ಲಾರಿಯದೋ ಅಂತ ಮೊದಲೇ ಬರೆಸಿಕೊಳ್ಳಿ. ಲ್ಯಾಬ್ ವರದಿ ಕೈಗೆ ಬರೋವರೆಗೂ ಕೊನೆ ಕಂತು ಕೊಡಬೇಡಿ. ಆ ವರದಿ ಜೋಪಾನವಾಗಿಡಿ: ಕ್ಯಾಲಿಫೋರ್ನಿಯಾದಲ್ಲಿ ಮನೆ ಮಾರುವಾಗ, ಮನೆಯ ಸ್ಥಿತಿಗತಿಯನ್ನ ಕೊಳ್ಳೋರಿಗೆ ತಿಳಿಸೋಕೆ ತುಂಬೋ ಡಿಸ್‌ಕ್ಲೋಷರ್ ಫಾರ್ಮಿನಲ್ಲಿ, ಜಾಗಕ್ಕೆ ಮಣ್ಣು ತುಂಬಿಸಿದ್ದೀರಾ ಅಂತ ಒಂದು ಪ್ರಶ್ನೆ ಇದ್ದೇ ಇರುತ್ತೆ.