ಹೆದರಿಸಿದ್ದು ಕೆಂಪು ಅಕ್ಷರ, ನೋಡಬೇಕಿದ್ದದ್ದು ಕಪ್ಪು ಅಕ್ಷರ: ಒಂದು ಲ್ಯಾಬ್‌ನ ‘ಗರ್ಭಿಣಿ ಪ್ಯಾಕೇಜ್’

ಐದಕ್ಕೆ ಎರಡು ಸ್ಟಾರ್. ಒಂದು ಸ್ಟಾರ್ ಮನೆಗೆ ಬಂದು ರಕ್ತ ತೆಗೆದ ಹುಡುಗನಿಗೆ. ಹೇಳಿದ ಹೊತ್ತಿಗೆ ಬಂದ, ಊದಿಕೊಂಡ ಕೈಯಲ್ಲೂ ಒಂದೇ ಚುಚ್ಚಿಗೆ ನರ ಹಿಡಿದ. ಇನ್ನೊಂದು ಸ್ಟಾರ್ ಯಾಕೆ ಅನ್ನೋದು ಮುಂದೆ ಬರುತ್ತದೆ.

ನನಗೆ ಆಗ 31 ವಾರ, ಮೊದಲ ಬಸಿರು. ತಪಾಸಣೆಗೆ ಹೋದಾಗ ಬಿ.ಪಿ. 142/92 ಇತ್ತು. ನಾಲ್ಕು ಗಂಟೆ ಬಿಟ್ಟು ಮತ್ತೆ ನೋಡಿದರು, 144/94. ಮೂತ್ರಕ್ಕೆ ಪಟ್ಟಿ ಅದ್ದಿ ನೋಡಿದರೆ ಪ್ರೋಟೀನ್ ಒಂದು ಪ್ಲಸ್. 20 ವಾರ ಕಳೆದ ಮೇಲೆ ಬಿ.ಪಿ. 140/90 ಮುಟ್ಟಿ, ಮೂತ್ರದಲ್ಲಿ ಪ್ರೋಟೀನೂ ಹೋಗುತ್ತಿದ್ದರೆ ಅದು ಪ್ರಿಎಕ್ಲಾಂಪ್ಸಿಯಾ. ಪ್ರೋಟೀನ್ ಇಲ್ಲದಿದ್ದರೂ ಕಿಡ್ನಿ, ಲಿವರ್ ಅಥವಾ ಪ್ಲೇಟ್‌ಲೆಟ್ ಏರುಪೇರಾದರೆ ಅದೇ ಹೆಸರು. ಡಾಕ್ಟರ್ ನಾಲ್ಕೇ ನಾಲ್ಕು ಟೆಸ್ಟ್ ಬರೆದರು. ರಕ್ತದ ಕಣಗಳ ಎಣಿಕೆ, ಕಿಡ್ನಿ, ಲಿವರ್, ಮತ್ತು ಮೂತ್ರದ ಪ್ರೋಟೀನ್-ಕ್ರಿಯಾಟಿನಿನ್ ಅನುಪಾತ. ನಾಳೆಯೊಳಗೆ ಬೇಕು ಅಂದರು.

ಕಾಲು ಊದಿತ್ತು, ಕ್ಯೂನಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಮನೆಗೇ ಬರುವ ಲ್ಯಾಬ್‌ನ ಆ್ಯಪ್ ತೆರೆದೆ. ‘ಗರ್ಭಿಣಿ ಪ್ಯಾಕೇಜ್, 70ಕ್ಕೂ ಹೆಚ್ಚು ಪರೀಕ್ಷೆ’ ಅಂತಿತ್ತು. ಎಪ್ಪತ್ತರಲ್ಲಿ ಈ ನಾಲ್ಕು ಇರದೇ ಇರುತ್ತಾ ಅಂದುಕೊಂಡು ಬುಕ್ ಮಾಡಿದೆ. ಫಾರಂನಲ್ಲಿ ‘ನೀವು ಗರ್ಭಿಣಿಯೇ? ಎಷ್ಟನೇ ವಾರ?’ ಅಂತ ಕೇಳಿದ್ದರು. 31 ಅಂತ ತುಂಬಿದೆ. ಪರವಾಗಿಲ್ಲ, ತಿಳಿದವರೇ ಇದ್ದಾರೆ ಅನ್ನಿಸಿತು.

ಎಪ್ಪತ್ತರಲ್ಲಿ ನಾಲ್ಕು ಇರಲಿಲ್ಲ, ಮೂರು ಇತ್ತು. ಬಿಟ್ಟುಹೋಗಿದ್ದು ಮೂತ್ರದ ಅನುಪಾತ, ಅಂದರೆ ಡಾಕ್ಟರ್‌ಗೆ ಎಲ್ಲಕ್ಕಿಂತ ಜಾಸ್ತಿ ಬೇಕಾಗಿದ್ದೇ ಅದು. ಅದರ ಬದಲು ಯಾರೂ ಕೇಳದ ಕೊಲೆಸ್ಟ್ರಾಲ್ ಪರೀಕ್ಷೆ ಇತ್ತು. ಅದಕ್ಕಾಗಿ 12 ಗಂಟೆ ಉಪವಾಸ ಬೇರೆ. ಹೊಟ್ಟೆಯಲ್ಲಿ ಮಗು ಒದೆಯುತ್ತಿದೆ, ನನಗೆ ತಲೆ ಸುತ್ತುತ್ತಿದೆ, ಬರೀ ನೀರು ಕುಡಿದು ಕೂತಿದ್ದೇನೆ.

ಸಂಜೆ ರಿಪೋರ್ಟ್ ಬಂತು. ತೆರೆದ ತಕ್ಷಣ ಎದೆ ಧಸಕ್ ಅಂತು. ಒಟ್ಟು ಕೊಲೆಸ್ಟ್ರಾಲ್ 268, ಕೆಂಪು. ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು ಟ್ರೈಗ್ಲಿಸರೈಡ್ 290, ಕೆಂಪು. ‘ಕೆಟ್ಟ ಕೊಲೆಸ್ಟ್ರಾಲ್’ ಅನ್ನುವ ಎಲ್‌ಡಿಎಲ್ 160, ಕೆಂಪು. ಲಿವರ್ ಪರೀಕ್ಷೆಯಲ್ಲಿ ಬರುವ ಆಲ್ಕಲೈನ್ ಫಾಸ್ಫಟೇಸ್ ಅನ್ನೋ ಕಿಣ್ವವೂ ಕೆಂಪು. ಕೆಳಗೆ ಒಂದು ಹೃದಯದ ಚಿತ್ರ, ಅದರ ಪಕ್ಕ ‘ಹೃದ್ರೋಗದ ಅಪಾಯ: ಹೆಚ್ಚು’. ಅರ್ಧ ಗಂಟೆಯಲ್ಲಿ ಫೋನ್ ಬಂತು. ಕೊಲೆಸ್ಟ್ರಾಲ್ ಇಳಿಸುವ ಮೂರು ತಿಂಗಳ ಪ್ಲಾನ್ ಇದೆಯಂತೆ. ಮೇಡಂ, ಬೇಗ ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ) ಬಗ್ಗೆ ಡಾಕ್ಟರ್ ಹತ್ರ ಮಾತಾಡಿ ಅಂದಳು ಫೋನ್ ಮಾಡಿದ ಹುಡುಗಿ. ನಾನು ಬಸುರಿ ಕಣಮ್ಮ ಅಂದೆ. ‘ಓಹ್, ಕಂಗ್ರಾಜುಲೇಷನ್ಸ್ ಮೇಡಂ’ ಅಂದಳು. ಆ ರಾತ್ರಿ ನಿದ್ದೆ ಇಲ್ಲ. ಬೆಳಗ್ಗೆ ಬಿ.ಪಿ. 152/98.

ಡಾಕ್ಟರ್ ರಿಪೋರ್ಟ್ ನೋಡಿ ಪೆನ್ ತೆಗೆದರು. ಕೆಂಪಿದ್ದದ್ದನ್ನೆಲ್ಲ ಒಂದೇ ಗೀಟಲ್ಲಿ ಹೊಡೆದುಹಾಕಿದರು. ‘ಇದು ನಿಮ್ಮ ಬೊಜ್ಜಲ್ಲ ಕಣ್ರೀ, ಮಗುವಿನ ಬುತ್ತಿ’ ಅಂದರು.

ಅವರು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ. ಬಸಿರಿನ ಕೊನೆಯ ತಿಂಗಳುಗಳಲ್ಲಿ ಕೊಲೆಸ್ಟ್ರಾಲ್ ಕಾಲು ಭಾಗದಿಂದ ಅರ್ಧದಷ್ಟು ಏರುವುದು ಸಹಜ. ಟ್ರೈಗ್ಲಿಸರೈಡ್ ಎರಡು-ಮೂರು ಪಟ್ಟು ಆಗುತ್ತದೆ. ಈಸ್ಟ್ರೋಜೆನ್ ಹಾರ್ಮೋನ್ ಏರಿದಂತೆ ಲಿವರ್ ಜಾಸ್ತಿ ಕೊಬ್ಬು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಜೊತೆಗೆ ಇನ್ಸುಲಿನ್ ಮಾತನ್ನು ಮೈ ಅಷ್ಟಾಗಿ ಕೇಳುವುದಿಲ್ಲ, ಕೂಡಿಟ್ಟ ಕೊಬ್ಬು ಕರಗಿ ಹೊರಬರುತ್ತದೆ. ತಾಯಿ ಕೊಬ್ಬನ್ನು ಉರಿಸಿಕೊಂಡು ಸಕ್ಕರೆಯನ್ನು ಮಗುವಿಗೆ ಬಿಡುತ್ತಾಳೆ. ಮಾಸು ತಾಯಿಯ ಎಲ್‌ಡಿಎಲ್ ಎಳೆದುಕೊಂಡು ಅದರಿಂದ ಬಸಿರು ಉಳಿಸುವ ಹಾರ್ಮೋನ್ ಪ್ರೊಜೆಸ್ಟರಾನ್ ಮಾಡುತ್ತದೆ. ಮಗುವಿನ ಒಂದೊಂದು ಜೀವಕೋಶದ ಗೋಡೆಗೂ, ಮಿದುಳಿಗೂ ಕೊಲೆಸ್ಟ್ರಾಲ್ ಬೇಕು. ಆಲ್ಕಲೈನ್ ಫಾಸ್ಫಟೇಸ್ ಅನ್ನು ಮಾಸೇ ಮಾಡಿ ರಕ್ತಕ್ಕೆ ಸೇರಿಸುತ್ತದೆ, ಹಾಗಾಗಿ ಅದು ಏರದಿದ್ದರೇ ಆಶ್ಚರ್ಯ.

ಹಾಗಾದರೆ ಪ್ರಿಎಕ್ಲಾಂಪ್ಸಿಯಾಕ್ಕೂ ಇದಕ್ಕೂ ಸಂಬಂಧವೇ ಇಲ್ಲವಾ ಅಂತ ಕೇಳಿದೆ. ಇದೆ. ಈ ತೊಂದರೆ ಇರುವವರಲ್ಲಿ ಸರಾಸರಿ ನೋಡಿದರೆ ಟ್ರೈಗ್ಲಿಸರೈಡ್ ಇನ್ನೂ ಮೇಲೆ, ‘ಒಳ್ಳೇ ಕೊಲೆಸ್ಟ್ರಾಲ್’ ಎಚ್‌ಡಿಎಲ್ ಇನ್ನೂ ಕೆಳಗೆ ಇರುತ್ತದೆ. ಎಲ್‌ಡಿಎಲ್ ಕಣಗಳು ಚಿಕ್ಕದಾಗಿ, ದಟ್ಟವಾಗಿ, ಬೇಗ ಕೆಡುವಂಥವಾಗಿರುತ್ತವೆ. ಗರ್ಭಕೋಶದಿಂದ ಮಾಸಿಗೆ ರಕ್ತ ಒಯ್ಯುವ ಸಣ್ಣ ನಾಳಗಳ ಗೋಡೆಯಲ್ಲಿ ಕೆಲವರಿಗೆ ಕೊಬ್ಬು ತುಂಬಿಕೊಂಡ ನೊರೆಯಂಥ ಕೋಶಗಳು ಸಿಗುತ್ತವೆ. ಅದನ್ನು ಅಕ್ಯೂಟ್ ಅಥೆರೋಸಿಸ್ ಅನ್ನುತ್ತಾರೆ. ವಯಸ್ಸಾದವರ ಹೃದಯದ ನಾಳದಲ್ಲಿ ಆಗುವುದರ ತಮ್ಮ ಇದ್ದಂತೆ. ನನಗೆ ಮೈ ಜುಮ್ ಅಂದಿದ್ದು ಇಲ್ಲೇ.

ಆದರೆ ಇದೆಲ್ಲ ಗುಂಪಿನ ಲೆಕ್ಕ. ಇದು ಇರುವವರ ಅಂಕಿ, ಇಲ್ಲದವರ ಅಂಕಿ ಒಂದರೊಳಗೊಂದು ಸೇರಿಕೊಂಡಿರುತ್ತವೆ. ನನ್ನೊಬ್ಬಳ 268 ನೋಡಿ ಏನೂ ಹೇಳಲು ಬರುವುದಿಲ್ಲ. ಮೈ ತಾನೇ ಎಷ್ಟು ಕೊಲೆಸ್ಟ್ರಾಲ್ ಮಾಡುತ್ತಿದೆ, ಕರುಳು ಎಷ್ಟು ಹೀರುತ್ತಿದೆ ಅಂತ ತಿಳಿಯಲು ಸಂಶೋಧಕರು ಬೇರೆಯದನ್ನೇ ಅಳೆಯುತ್ತಾರೆ. ಲ್ಯಾಥೋಸ್ಟೆರಾಲ್, ಡೆಸ್ಮೋಸ್ಟೆರಾಲ್ ಅನ್ನುವವು ಕೊಲೆಸ್ಟ್ರಾಲ್ ಆಗುವ ಮುಂಚಿನ ರೂಪಗಳು, ಹಾಗಾಗಿ ತಯಾರಿಕೆಯ ಸುಳಿವು. ಸಿಟೋಸ್ಟೆರಾಲ್, ಕ್ಯಾಂಪೆಸ್ಟೆರಾಲ್ ನಮ್ಮ ಮೈ ಮಾಡುವುದಲ್ಲ, ಗಿಡಗಳಿಂದಲೇ ಬರಬೇಕು, ಹಾಗಾಗಿ ಹೀರಿಕೆಯ ಸುಳಿವು. ಪ್ಯಾಕೇಜ್‌ನ ಎಪ್ಪತ್ತರಲ್ಲಿ ಇವು ಯಾವುದೂ ಇಲ್ಲ, ಇರಬೇಕಾಗಿಯೂ ಇಲ್ಲ.

ಸ್ಟ್ಯಾಟಿನ್ ವಿಷಯಕ್ಕೆ ಬಂದರೆ, ಪ್ರಿಎಕ್ಲಾಂಪ್ಸಿಯಾ ಅಪಾಯ ಜಾಸ್ತಿ ಇದ್ದ 1,120 ಹೆಂಗಸರ ಮೇಲೆ 35ರಿಂದ 37ನೇ ವಾರದಲ್ಲಿ ಪ್ರವಸ್ಟ್ಯಾಟಿನ್ ಅನ್ನೋ ಸ್ಟ್ಯಾಟಿನ್ ಶುರು ಮಾಡಿ ನೋಡಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಪ್ರಿಎಕ್ಲಾಂಪ್ಸಿಯಾ ಕಡಿಮೆಯಾಗಲಿಲ್ಲ. ಫೋನ್ ಮಾಡಿದ ಹುಡುಗಿಗೆ ಇದೆಲ್ಲ ಗೊತ್ತಿರಬೇಕು ಅಂತ ನಾನೇನೂ ಹೇಳುವುದಿಲ್ಲ. ಗೊತ್ತಿಲ್ಲದಿದ್ದರೆ ಫೋನ್ ಮಾಡಬಾರದು, ಅಷ್ಟೇ ಅಲ್ವಾ?

ಈಗ ಅಸಲಿ ವಿಷಯ. ಕೆಂಪನ್ನೆಲ್ಲ ಹೊಡೆದುಹಾಕಿದ ಮೇಲೆ ಡಾಕ್ಟರ್ ಒಂದು ಕಪ್ಪು ಅಂಕಿಗೆ ಸುತ್ತು ಹಾಕಿದರು. ಕಿಡ್ನಿ ಸೋಸಿ ಹೊರಹಾಕುವ ಕಸ, ಕ್ರಿಯಾಟಿನಿನ್ 0.9. ಲ್ಯಾಬ್ ಅದನ್ನು ‘ನಾರ್ಮಲ್’ ಅಂದಿತ್ತು. ಬಸುರಿಯಲ್ಲದವಳಿಗೆ ನಾರ್ಮಲ್ಲೇ. ಆದರೆ ಬಸಿರಿನಲ್ಲಿ ಕಿಡ್ನಿ ಹೆಚ್ಚು ರಕ್ತ ಸೋಸುತ್ತದೆ, ಕ್ರಿಯಾಟಿನಿನ್ ಇಳಿದು ಸಾಮಾನ್ಯವಾಗಿ 0.4ರಿಂದ 0.8ರ ಒಳಗೆ ಇರುತ್ತದೆ. ನನ್ನದೇ ಹಳೇ ರಿಪೋರ್ಟ್‌ನಲ್ಲಿ 0.5 ಇತ್ತು. ಪ್ಲೇಟ್‌ಲೆಟ್ ಕೂಡ ತುಸು ಕಡಿಮೆ, 1.38 ಲಕ್ಷ ಅಂತ ಒಂದು ಮೂಲೆಯಲ್ಲಿ ಸುಮ್ನೆ ಕೂತಿತ್ತು. ಅದಕ್ಕೆ ಫೋನೂ ಇಲ್ಲ, ಹೃದಯದ ಚಿತ್ರವೂ ಇಲ್ಲ. ಡಾಕ್ಟರ್ ಅಲ್ಲೇ ಮೂತ್ರ, ರಕ್ತ ಮತ್ತೆ ತೆಗೆಸಿದರು. ಕ್ರಿಯಾಟಿನಿನ್ ಅಲ್ಲೂ 0.9. ಅಂದರೆ ಲ್ಯಾಬ್‌ನ ಅಳತೆ ಸರಿಯಾಗಿಯೇ ಇತ್ತು. ಎರಡನೇ ಸ್ಟಾರ್ ಅದಕ್ಕೆ.

ನಾನು ಅಕೌಂಟ್ಸ್ ಕೆಲಸದವಳು, ಅಂಕಿ ಕಂಡರೆ ಕೂಡಿ ನೋಡುವ ಚಟ. ಎಲ್‌ಡಿಎಲ್ 160 ಅಳೆದದ್ದಲ್ಲ, ಲೆಕ್ಕ ಹಾಕಿದ್ದು. ಟ್ರೈಗ್ಲಿಸರೈಡ್ 290ನ್ನು ಐದರಿಂದ ಭಾಗಿಸಿದರೆ 58. 268ರಲ್ಲಿ ಎಚ್‌ಡಿಎಲ್ 50, ಈ 58 ಕಳೆದರೆ 160. ಇದು 1972ರ ಸೂತ್ರ, ಟ್ರೈಗ್ಲಿಸರೈಡ್ 400 ದಾಟಿದರೆ ನಡೆಯುವುದಿಲ್ಲ. ಲೆಕ್ಕ ಹಾಕಿದ್ದು ಅಂತ ರಿಪೋರ್ಟ್‌ನಲ್ಲಿ ಒಂದು ಪದ ಬರೆದಿದ್ದರೆ ಏನಾಗುತ್ತಿತ್ತು?

ಗ್ರಾಹಕ ಸೇವೆಗೆ ಬರೆದೆ. ನಮ್ಮ ಮಿತಿಗಳು ವಯಸ್ಸು ಮತ್ತು ಲಿಂಗಕ್ಕೆ ತಕ್ಕಂತೆ ಇವೆ ಅಂತ ಮೂರು ದಿನದ ಮೇಲೆ ಉತ್ತರ. ಹಾಗಾದರೆ ವಾರ ಯಾಕೆ ಕೇಳಿದಿರಿ ಅಂದೆ. ‘ದಾಖಲೆಗಾಗಿ’. ಅಷ್ಟರಲ್ಲಿ ನಾನು ಆಸ್ಪತ್ರೆಗೆ ಸೇರಿದ್ದೆ. 34ನೇ ವಾರದಲ್ಲಿ ಹೆರಿಗೆ ಆಯಿತು. ಫಿಟ್ಸ್ ಬರದಿರಲಿ ಅಂತ ಮೆಗ್ನೀಷಿಯಂ ಸಲ್ಫೇಟ್ ಹಾಕಿದ್ದರು, ಮೈಯೆಲ್ಲ ಬೆಂಕಿ ಬಿದ್ದಂತೆ ಆಗುತ್ತಿತ್ತು. ಆ ದಿನಗಳ ಬಗ್ಗೆ ಇಲ್ಲಿ ಬೇಡ. ಇಬ್ಬರೂ ಚೆನ್ನಾಗಿದ್ದೇವೆ.

ಬುಕ್ ಮಾಡುವವರು ಮೊದಲು ಡಾಕ್ಟರ್ ಚೀಟಿಯನ್ನು ಪಟ್ಟಿಯ ಜೊತೆ ಒಂದೊಂದಾಗಿ ತಾಳೆ ನೋಡಿ. ತಲೆನೋವು, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ನೋವು ಇದ್ದರೆ ಯಾವ ಪ್ಯಾಕೇಜೂ ಬೇಡ, ನೇರ ಆಸ್ಪತ್ರೆಗೆ ಹೋಗಿ.

ಹೆರಿಗೆಯಾಗಿ ಐದು ತಿಂಗಳಿಗೆ ಡಾಕ್ಟರ್ ತಾವೇ ಕೊಲೆಸ್ಟ್ರಾಲ್ ಪರೀಕ್ಷೆ ಬರೆದರು. ಈಗ ಅದಕ್ಕೆ ಅರ್ಥ ಇದೆ. ಪ್ರಿಎಕ್ಲಾಂಪ್ಸಿಯಾ ಆದವರಿಗೆ ಮುಂದೆ ಹೃದಯದ ಕಾಯಿಲೆ ಬರುವ ಸಂಭವ ಉಳಿದವರಿಗಿಂತ ಸುಮಾರು ಎರಡು ಪಟ್ಟು. ಅಮೆರಿಕದ 2018ರ ಕೊಲೆಸ್ಟ್ರಾಲ್ ಮಾರ್ಗಸೂಚಿ ಇದನ್ನು ಅಪಾಯ ಹೆಚ್ಚಿಸುವ ಅಂಶಗಳ ಪಟ್ಟಿಯಲ್ಲಿ ಸೇರಿಸಿದೆ. ಅಳತೆ ಸರಿ ಇದೆಯಲ್ಲ ಅಂತ ಅದೇ ಲ್ಯಾಬ್, ಅದೇ ಹುಡುಗ. ಫಾರಂನಲ್ಲಿ ಸಿಗರೇಟು, ಸಕ್ಕರೆ ಕಾಯಿಲೆ ಎಲ್ಲ ಕೇಳಿದರು. ಬಸಿರಿನಲ್ಲಿ ಬಿ.ಪಿ. ಇತ್ತಾ ಅಂತ ಮಾತ್ರ ಕೇಳಲಿಲ್ಲ.

ಒಟ್ಟು ಕೊಲೆಸ್ಟ್ರಾಲ್ 204, ಟ್ರೈಗ್ಲಿಸರೈಡ್ 135. ಆ್ಯಪ್ ಎರಡೂ ರಿಪೋರ್ಟ್ ಸೇರಿಸಿ ಇಳಿಯುವ ಗೆರೆಯೊಂದನ್ನು ಎಳೆದಿತ್ತು. ಮೇಲೆ ಬಣ್ಣದ ಕಾಗದದ ಚೂರುಗಳು ಉದುರುತ್ತಿದ್ದವು. ‘ಅಭಿನಂದನೆ! ನಿಮ್ಮ ಜೀವನಶೈಲಿಯ ಬದಲಾವಣೆ ಫಲ ಕೊಟ್ಟಿದೆ!’ ನಾನು ಏನೂ ಬದಲಾಯಿಸಿಲ್ಲ, ಹೆತ್ತಿದ್ದೇನೆ ಅಷ್ಟೇ ಅಂತ ಕೆಳಗಿನ ಬಾಕ್ಸ್‌ನಲ್ಲಿ ಬರೆದು ಕಳಿಸಿದೆ. ಉತ್ತರ ಬಂದಿಲ್ಲ.