ತೀರ್ಥಹಳ್ಳಿಯಿಂದ ಆಫೀಸಿಗೆ: ಬಸ್ಸೋ, ಬೈಕೋ?

ಕೊರೊನಾ ಇನ್ನೂ ಪೂರ್ತಿ ಹೋಗಿಲ್ಲ, ಆಫೀಸಿನಿಂದ ಮಾತ್ರ ಕರೆ ಬಂದಿದೆ. ಶಿವಮೊಗ್ಗಕ್ಕೆ ಸುಮಾರು 60 ಕಿ.ಮೀ. ಹೇಗೆ ಹೋಗೋದು?

ಸೋಂಕಿನ ಲೆಕ್ಕ ಒಂದನ್ನೇ ನೋಡಿದರೆ ಬೈಕೇ ಸರಿ. ಬಯಲು ಗಾಳಿ, ಪಕ್ಕದಲ್ಲಿ ಕೆಮ್ಮುವವರಿಲ್ಲ. ಆದರೆ ಜುಲೈ ಮಳೆಯಲ್ಲಿ ಮಂಡಗದ್ದೆ ದಾಟುವಷ್ಟರಲ್ಲಿ ರೇನ್‌ಕೋಟಿನ ಕಾಲರಿನೊಳಗೆ ನೀರು ಇಳಿದಿರುತ್ತದೆ, ತಿರುವುಗಳು ಜಾರುತ್ತವೆ. ಒದ್ದೆ ಮಾಸ್ಕಿನಲ್ಲಿ ಉಸಿರಾಡುವುದೂ ಕಷ್ಟ. ಒಣಗಿದ್ದೊಂದು ಪ್ಲಾಸ್ಟಿಕ್ ಕವರಿನಲ್ಲಿರಲಿ.

ಬಸ್ಸಿನ ತೊಂದರೆ ಸೀಟಿನದ್ದಲ್ಲ, ಕಿಟಕಿಯದ್ದು. ಎರಡು ಹನಿ ಬಿದ್ದರೆ ಸಾಕು, ಎಲ್ಲ ಗಾಜೂ ಮುಚ್ಚಿಕೊಳ್ಳುತ್ತವೆ. ಒಬ್ಬರು ಬಿಟ್ಟ ಉಸಿರಿನ ಸಣ್ಣ ಕಣಗಳು ಅಲ್ಲೇ ತೇಲುತ್ತಿರುತ್ತವೆ. ಕಂಬಿಗೆ ಸ್ಯಾನಿಟೈಸರ್ ಹಚ್ಚುವುದಕ್ಕಿಂತ ಎರಡು ಬೆರಳಷ್ಟು ಗಾಜು ಸರಿಸುವುದು ಹೆಚ್ಚು ಉಪಯೋಗ. (ಹಿಂದಿನ ಸೀಟಿನವರು ಗೊಣಗುತ್ತಾರೆ, ಗೊಣಗಲಿ.) ಬಟ್ಟೆ ಮಾಸ್ಕ್ ಇಲ್ಲಿ ಸಾಲದು; ಮೂಗಿನ ಪಟ್ಟಿ ಒತ್ತಿ, ಕೆನ್ನೆಗೆ ಬಿಗಿಯಾಗಿ ಕೂರುವ ಎನ್‌95 ಬೇಕು.

ಮೂವರು ಸೇರಿ ಕಾರು? ಗಾಜು ಏರಿಸಿದರೆ ಅದೂ ಸಣ್ಣ ಬಸ್ಸೇ.

ನಾನಾದರೆ ಹೊಳವಾದ ದಿನ ಬೈಕು, ಜಡಿಮಳೆಗೆ ಕಿಟಕಿ ಪಕ್ಕದ ಸೀಟು. ಜ್ವರ, ಗಂಟಲು ನೋವು ಇದ್ದರೆ ಎರಡೂ ಬೇಡ, ರಜೆ ಹಾಕಿ.