ಲ್ಯಾಪ್‌ಟಾಪ್ ಚಾರ್ಜ್ ಆಗ್ತಿಲ್ವಾ? ‘ಬ್ಯಾಟರಿ ಹೋಗಿದೆ’ ಅಂದ ಕೂಡಲೇ ಒಪ್ಪಬೇಡಿ

ರಾಯಚೂರು, ಮಾನ್ವಿ, ಸಿಂಧನೂರು ಕಡೆಯವರು ದಯವಿಟ್ಟು ಪೂರ್ತಿ ಓದಿ. ಲ್ಯಾಪ್‌ಟಾಪ್ ಚಾರ್ಜ್ ಆಗದಿದ್ದರೆ ತಪ್ಪು ಬ್ಯಾಟರಿಯದ್ದೇ ಆಗಿರಬೇಕು ಅಂತೇನಿಲ್ಲ. ಅದೇ ಕಂಪನಿಯ ಇನ್ನೊಂದು ಅಡಾಪ್ಟರ್ ಹಾಕಿ ನೋಡುವ ತನಕ ಬ್ಯಾಟರಿ ಬದಲಿಸೋಕೆ ಒಪ್ಪಬೇಡಿ. ಬದಲಿಸಿದರೂ ಹಳೆಯದನ್ನು ಕೈಗೆ ತಗೊಳ್ಳದೆ ಅಂಗಡಿ ಬಿಟ್ಟು ಬರಬೇಡಿ. ಈ ಎರಡು ವಿಷಯದಲ್ಲೇ ನನಗೆ ಮೋಸ ಆಯಿತು. ಇನ್ನೊಬ್ಬರಿಗೆ ಆಗಬಾರದು ಅಂತ ಬರೆಯುತ್ತಿದ್ದೇನೆ.

ನಾನು ಮನೆಯಿಂದಲೇ ಟ್ಯಾಲಿ, ಜಿಎಸ್‌ಟಿ ಕೆಲಸ ಮಾಡುತ್ತೇನೆ. ಗಂಜ್‌ನ (ಎಪಿಎಂಸಿ ಮಾರುಕಟ್ಟೆಯ) ಕೆಲವು ಅಡತ್ ಅಂಗಡಿಗಳ ಲೆಕ್ಕ ನನ್ನ ಹತ್ತಿರ ಇದೆ. ತಿಂಗಳ 20ನೇ ತಾರೀಖಿನೊಳಗೆ ಜಿಎಸ್‌ಟಿಆರ್-3ಬಿ ಅನ್ನುವ ತಿಂಗಳ ರಿಟರ್ನ್ ಹಾಕಲೇಬೇಕು, ತಡ ಆದರೆ ದಂಡ. ಬೇಸಿಗೆ ಭತ್ತ ಗಂಜ್‌ಗೆ ಬರುವ ಹೊತ್ತು, ಕೈತುಂಬ ಕೆಲಸ. ಅಂಥ ಹೊತ್ತಲ್ಲೇ ಒಂದು ಬೆಳಿಗ್ಗೆ ಚಾರ್ಜರ್ ಹಾಕಿದರೆ ಪ್ಲಗ್ ಗುರುತು ಬಂತು, ಆದರೆ ‘ಪ್ಲಗ್ಡ್ ಇನ್, ನಾಟ್ ಚಾರ್ಜಿಂಗ್’ ಅಂತ ತೋರಿಸಿತು. ಕರೆಂಟ್ ಮೇಲೆ ಲ್ಯಾಪ್‌ಟಾಪ್ ನಡೆಯುತ್ತಿತ್ತು. ಬ್ಯಾಟರಿಗೆ ಮಾತ್ರ ಚಾರ್ಜ್ ಏರುತ್ತಿರಲಿಲ್ಲ. ಜೊತೆಗೆ ಯಾಕೋ ತುಂಬಾ ನಿಧಾನ ಆಗಿತ್ತು, ಟ್ಯಾಲಿ ತೆರೆದುಕೊಳ್ಳೋಕೇ ಎಷ್ಟೋ ಹೊತ್ತು ಹಿಡಿಯುತ್ತಿತ್ತು.

ಹಿಂದಿನ ದಿನದವರೆಗೂ ಕರೆಂಟ್ ಹೋದರೆ ಎರಡು ತಾಸು ಆರಾಮಾಗಿ ನಡೆಸುತ್ತಿದ್ದ ಬ್ಯಾಟರಿ ಅದು. ರಿಪೇರಿ ಅಂಗಡಿಗೆ ಒಯ್ದು, ಇದನ್ನು ಅಲ್ಲಿನ ಹುಡುಗನಿಗೆ ಹೇಳಿದೆ. ಅವನು ಕೇಳಿಸಿಕೊಳ್ಳಲೇ ಇಲ್ಲ. ಲ್ಯಾಪ್‌ಟಾಪ್ ಆನ್ ಮಾಡಿದ. ವಿಂಡೋಸ್ ಬರೋಕೆ ಮೊದಲು ಕಪ್ಪು ಪರದೆ ಮೇಲೆ ಅಡಾಪ್ಟರ್ ಯಾವುದು ಅಂತ ಗುರುತು ಸಿಗುತ್ತಿಲ್ಲ ಅನ್ನುವ ಅರ್ಥದ ಒಂದು ಇಂಗ್ಲಿಷ್ ಸಾಲು ಬಂತು. ಒಂದು ಕೀ ಒತ್ತಿ ಅದನ್ನು ದಾಟಿಸಿಬಿಟ್ಟ. “ಬ್ಯಾಟರಿ ಹೋಗ್ಯಾದ್ರಿ ಮೇಡಂ, ಹೊಸದು ಹಾಕಬೇಕ್ರಿ” ಅಂದ. ಅಡಾಪ್ಟರ್ ಚೆಕ್ ಮಾಡ್ರಿ ಅಂದೆ. ಮಲ್ಟಿಮೀಟರ್ ಹಿಡಿದು 19.5 ವೋಲ್ಟ್ ತೋರಿಸಿದ. “ನೋಡ್ರಿ, ಅಡಾಪ್ಟರ್ ಕರೆಕ್ಟ್ ಐತಿ.”

ಆ ಒಂದು ಅಂಕಿ ನೋಡಿದರೆ ಯಾರಾದರೂ ನಂಬುತ್ತಾರೆ. ಆದರೆ ಅದು ಅರ್ಧ ಸತ್ಯ. ಡೆಲ್, ಎಚ್‌ಪಿ ಥರದ ಹಲವು ಲ್ಯಾಪ್‌ಟಾಪ್‌ಗಳ ದುಂಡು ಪಿನ್ ಒಳಗೆ ನಡುವೆ ಒಂದು ತೆಳು ಸೂಜಿ ಇರುತ್ತದೆ. ಕರೆಂಟ್ ಹರಿಯೋದು ಸುತ್ತಲಿನ ಲೋಹದ ಭಾಗದಲ್ಲಿ. ನಡುವಿನ ಸೂಜಿ ಇರೋದು ಗುರುತು ಹೇಳೋಕೆ: ನಾನು ಇಂಥ ಕಂಪನಿಯ ಅಡಾಪ್ಟರ್, ಇಷ್ಟು ವ್ಯಾಟ್ ಕೊಡಬಲ್ಲೆ ಅಂತ ಲ್ಯಾಪ್‌ಟಾಪ್‌ಗೆ ತಿಳಿಸೋಕೆ. ಆ ಗುರುತು ಸಿಗದಿದ್ದರೆ ಲ್ಯಾಪ್‌ಟಾಪ್ ಹುಷಾರಾಗುತ್ತದೆ. ಬ್ಯಾಟರಿ ಚಾರ್ಜ್ ಮಾಡೋದು ನಿಲ್ಲಿಸುತ್ತದೆ, ಪ್ರೊಸೆಸರ್ ವೇಗವನ್ನೂ ತಗ್ಗಿಸುತ್ತದೆ. ವೋಲ್ಟೇಜ್ ಸರಿ ಇದ್ದರೂ ಹೀಗೇ. ನನ್ನ ಲ್ಯಾಪ್‌ಟಾಪ್ ನಿಧಾನ ಆಗಿದ್ದು, ಆ ಇಂಗ್ಲಿಷ್ ಸಾಲು ಬಂದಿದ್ದು, ಎರಡೂ ಇದನ್ನೇ ಹೇಳುತ್ತಿದ್ದವು. ದಿನಾ ಲ್ಯಾಪ್‌ಟಾಪ್ ಬಿಚ್ಚುವವರಿಗೆ ಇದು ಗೊತ್ತಿರದೇ ಇರುತ್ತಾ?

2,800 ರೂಪಾಯಿಗೆ ಹೊಸ ಬ್ಯಾಟರಿ ಹಾಕಿದರು. ಚಾರ್ಜಿಂಗ್ ದೀಪ ಹತ್ತಿದ್ದನ್ನು ತೋರಿಸಿದರು. ಹಳೇ ಬ್ಯಾಟರಿ ಕೊಡ್ರಿ ಅಂದರೆ, “ಅದು ಸ್ಕ್ರ್ಯಾಪ್ ರೀ, ಮನ್ಯಾಗ ಇಟ್ಟ್ರ ಡೇಂಜರ್” ಅಂತ ಒಳಗೆ ಇಟ್ಟುಕೊಂಡರು. ಮೊದಲ ಸಲ ಹನ್ನೆರಡು ತಾಸು ಚಾರ್ಜ್ ಹಾಕಿಡಿ ಅಂತ ಬೇರೆ ಹೇಳಿ ಕಳಿಸಿದರು. ಈ ಹನ್ನೆರಡು ತಾಸಿನ ಮಾತು ಹಳೇ ಕಾಲದ ನಿಕಲ್ ಬ್ಯಾಟರಿಗಳ ಕಾಲದ್ದು. ಈಗಿನ ಲಿಥಿಯಂ ಬ್ಯಾಟರಿಗೆ ಅದರ ಅಗತ್ಯವೇ ಇಲ್ಲ.

ಮನೆಗೆ ಬಂದು ನನ್ನ ಅಡಾಪ್ಟರ್ ಹಾಕಿದರೆ ಮತ್ತೆ ಅದೇ ‘ನಾಟ್ ಚಾರ್ಜಿಂಗ್’.

ವಾಪಸ್ ಹೋದೆ. ಕೌಂಟರ್ ಮೇಲೆ ಹಾಕಿದರೆ ಚಾರ್ಜ್ ಆಗುತ್ತಿದೆ! ಆಗ ಕಣ್ಣಿಗೆ ಬಿತ್ತು: ಅವರು ಹಾಕುತ್ತಿದ್ದದ್ದು ನನ್ನ ಅಡಾಪ್ಟರ್ ಅಲ್ಲ, ಕೌಂಟರ್‌ನಲ್ಲಿ ಸದಾ ಇರುವ ಅವರದೇ ಅಡಾಪ್ಟರ್. ಮೊದಲ ದಿನ ದೀಪ ತೋರಿಸಿದ್ದೂ ಅದರಲ್ಲೇ. ನನ್ನದು ಹಾಕಿ ತೋರಿಸಿ ಅಂದೆ. ಹಾಕಿದರೆ ದೀಪ ಇಲ್ಲ. ಅಷ್ಟಾದ ಮೇಲಾದರೂ ಅಡಾಪ್ಟರ್ ಹೋಗಿದೆ ಅನ್ನಬೇಕಿತ್ತು ಅಲ್ವಾ? ಇಲ್ಲ. “ಮದರ್‌ಬೋರ್ಡ್‌ನಾಗ ಚಾರ್ಜಿಂಗ್ ಐಸಿ ವೀಕ್ ಆಗ್ಯಾದ್ರಿ. ಏಳೂವರೆ ಸಾವಿರ ಆಕ್ಕೈತಿ. ಇಲ್ಲೇ ಬಿಟ್ಟು ಹೋಗ್ರಿ, ಪಾಸ್‌ವರ್ಡ್ ಬರೆದು ಕೊಡ್ರಿ” ಅಂದರು. ಚಾರ್ಜಿಂಗ್ ಐಸಿ, ಅಂದರೆ ಬ್ಯಾಟರಿಗೆ ಚಾರ್ಜ್ ಕೊಡುವ ಚಿಪ್, ಹಾಳಾಗಿದ್ದರೆ ಅವರ ಅಡಾಪ್ಟರ್‌ನಲ್ಲಿ ಹೇಗೆ ಚಾರ್ಜ್ ಆಯಿತು ಅಂತ ಕೇಳಿದೆ. ಉತ್ತರ ಬರಲಿಲ್ಲ. ಲ್ಯಾಪ್‌ಟಾಪ್ ಎತ್ತಿಕೊಂಡು ಬಂದೆ. ಅದರಲ್ಲಿ ಗಂಜ್‌ನ ಎಷ್ಟು ಜನರ ಪ್ಯಾನ್, ಬ್ಯಾಂಕ್ ಲೆಕ್ಕ ಇದೆ! ಚಾರ್ಜಿಂಗ್ ರಿಪೇರಿಗೆ ಪಾಸ್‌ವರ್ಡ್ ಯಾಕೆ ಬೇಕು? ಚಾರ್ಜಿಂಗ್ ದೀಪ ನೋಡೋಕೆ ವಿಂಡೋಸ್ ಒಳಗೆ ಹೋಗಬೇಕಾಗಿಲ್ಲ. ಯಾರೇ ಕೇಳಿದರೂ ಕೊಡಬೇಡಿ. ಕೊಡಲೇಬೇಕು ಅಂತಾದರೆ ಎದುರಿಗೆ ಕೂತು ನೀವೇ ಟೈಪ್ ಮಾಡಿ.

ಪರಿಚಯದವರೊಬ್ಬರು ಹೇಳಿದ ಮೇಲೆ ಇನ್ನೊಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. ವಯಸ್ಸಾದವರು. ಎಲ್ಲರೂ ಚಾಚಾ ಅಂತಾರೆ. ಅವರು ಲ್ಯಾಪ್‌ಟಾಪ್ ಮುಟ್ಟಲೇ ಇಲ್ಲ. “ಅಡಾಪ್ಟರ್ ತಂದೀಯೇನಮ್ಮಾ?” ಅಂತ ಕೈ ಚಾಚಿದರು. ಪಿನ್ನನ್ನು ಟೇಬಲ್ ಲ್ಯಾಂಪ್ ಕೆಳಗೆ ಹಿಡಿದು, ಭೂತಕನ್ನಡಿ ಕೊಟ್ಟು “ನೀನೇ ನೋಡು” ಅಂದರು. ನಡುವಿನ ಸೂಜಿ ಅರ್ಧಕ್ಕೆ ಮುರಿದು, ಉಳಿದ ತುಂಡು ಒಂದು ಪಕ್ಕಕ್ಕೆ ವಾಲಿಕೊಂಡಿತ್ತು. ಡ್ರಾದಿಂದ ಅದೇ ಕಂಪನಿಯ 65 ವ್ಯಾಟ್ ಅಡಾಪ್ಟರ್ ತೆಗೆದು ಹಾಕಿದರು. ದೀಪ ಹತ್ತಿತು, ನಿಧಾನವೂ ಹೋಯಿತು. “ಬ್ಯಾಟರಿ ಯಾಕ ಬದಲಿ ಮಾಡ್ಸಿದಿ?” ಅಂತ ಕೇಳಿದರು. ಅಂಗಡಿಯವರು ಹೇಳಿದ್ದನ್ನು ಹೇಳಿದೆ. ಚೆಕ್ ಮಾಡಿದ್ದಕ್ಕೆ ದುಡ್ಡು ಸಹ ತಗೊಳ್ಳಲಿಲ್ಲ. ಹೊಸ ಅಡಾಪ್ಟರ್ ತಗೊಂಡು ಆ ತಿಂಗಳ ರಿಟರ್ನ್ ಹೇಗೋ ಮುಗಿಸಿದೆ.

ಇಲ್ಲಿಗೆ ಮುಗಿದಿದ್ದರೆ ಬರೀ ದುಡ್ಡಿನ ವಿಷಯ ಆಗುತ್ತಿತ್ತು. ಮುಖ್ಯವಾದದ್ದು ಮುಂದಿದೆ.

ಮೇ ತಿಂಗಳು. ರಾಯಚೂರಿನ ಬಿಸಿಲು ಗೊತ್ತೇ ಇದೆ, 42 ಡಿಗ್ರಿ ದಾಟುವ ದಿನಗಳು. ಹೊಸ ಬ್ಯಾಟರಿ ಮೊದಲಿನಿಂದಲೂ 40 ಪರ್ಸೆಂಟ್ ಇದ್ದಾಗಲೇ ಒಮ್ಮೆಲೇ ಆಫ್ ಆಗುತ್ತಿತ್ತು. ಆಮೇಲೆ ಟಚ್‌ಪ್ಯಾಡ್ ಕ್ಲಿಕ್ ಗಟ್ಟಿಯಾಯಿತು, ಒತ್ತಿದರೆ ಒಳಗೆ ಹೋಗದು. ಮುಚ್ಚಿದರೆ ಮುಂದಿನ ಅಂಚಿನಲ್ಲಿ ಸಂದಿ. ಮೇಜಿನ ಮೇಲಿಟ್ಟರೆ ಒಂದು ಮೂಲೆ ಅಲ್ಲಾಡುತ್ತಿತ್ತು. ಚಾಚಾ ಕೆಳಗಿನ ಮುಚ್ಚಳ ಬಿಚ್ಚಿದರೆ ಬ್ಯಾಟರಿ ಪೂರಿಯಂತೆ ಉಬ್ಬಿತ್ತು. ಮಗಳು ಅದೇ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಕ್ಲಾಸ್ ಕೇಳುತ್ತಿದ್ದಳು. ನೆನೆಸಿಕೊಂಡರೆ ಈಗಲೂ ಎದೆ ಧಸಕ್ ಅನ್ನುತ್ತದೆ.

ಲಿಥಿಯಂ ಬ್ಯಾಟರಿ ಉಬ್ಬೋದು ಒಳಗಿನ ರಾಸಾಯನಿಕ ಕೆಟ್ಟು ಗ್ಯಾಸ್ ತುಂಬಿಕೊಂಡಾಗ. ಕಳಪೆ ಸೆಲ್, ಕಳಪೆ ರಕ್ಷಣಾ ಸರ್ಕಿಟ್, ಜಾಸ್ತಿ ಬಿಸಿ ಇದ್ದರೆ ಇದು ಬೇಗ ಆಗುತ್ತದೆ. ಉಬ್ಬಿದ್ದು ಕಂಡ ಕ್ಷಣ ಚಾರ್ಜರ್ ತೆಗೆಯಿರಿ, ಆಫ್ ಮಾಡಿ. ಒತ್ತಿ ಚಪ್ಪಟೆ ಮಾಡೋಕೆ ಹೋಗಬೇಡಿ. ಸೂಜಿ ಚುಚ್ಚಿ ಗ್ಯಾಸ್ ಬಿಡ್ತೀನಿ ಅನ್ನುವವರ ಕೈಗಂತೂ ಕೊಡಲೇಬೇಡಿ, ಬೆಂಕಿ ಹತ್ತುತ್ತದೆ. ಹೊತ್ತಿಕೊಳ್ಳುವ ಸಾಮಾನು ಹತ್ತಿರ ಇಲ್ಲದ ಜಾಗದಲ್ಲಿಟ್ಟು, ಗೊತ್ತಿರುವವರಿಂದಲೇ ತೆಗೆಸಿ.

ತೆಗೆದ ಮೇಲೆ ಚಾಚಾ ಅದರ ಲೇಬಲ್ ತೋರಿಸಿದರು. ಕಂಪನಿ ಹೆಸರು ಇತ್ತು, ಆದರೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಎಲ್ಲೂ ಇರಲಿಲ್ಲ. ನಮ್ಮ ದೇಶದಲ್ಲಿ ಮಾರುವ ಇಂಥ ಲಿಥಿಯಂ ಬ್ಯಾಟರಿಗೆ ಬಿಐಎಸ್ ನೋಂದಣಿ ಕಡ್ಡಾಯ. ಲೇಬಲ್ ಮೇಲೆ ಐಎಸ್ 16046 ಅಂತಲೂ, ಇಂಗ್ಲಿಷ್ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯೂ ಇರಬೇಕು. ಅಡಾಪ್ಟರ್‌ಗೂ ಹಾಗೇ ನೋಂದಣಿ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಅನ್ನುವ ಸರ್ಕಾರಿ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾರ ಹೆಸರಲ್ಲಿದೆ ಅಂತ ಬರುತ್ತದೆ. ಅಂಗಡಿಯಲ್ಲಿ ನಿಂತುಕೊಂಡೇ ನೋಡಬಹುದು. ಅಂಗಡಿಯವರು ಬೇಜಾರಾದರೆ ಆಗಲಿ.

ಇನ್ನು ಅಂಗಡಿಗೆ ಹೋಗೋಕೆ ಮೊದಲು ಮನೆಯಲ್ಲೇ ನೋಡಬಹುದಾದದ್ದು ಸಾಕಷ್ಟಿದೆ. ಮೊದಲು ಪಿನ್ ನೋಡಿ, ವೈರ್ ಕುತ್ತಿಗೆ ಹತ್ತಿರ ಸೀಳಿದೆಯಾ ನೋಡಿ, ಬೇರೆ ಸಾಕೆಟ್‌ಗೆ ಹಾಕಿ. ಆಮೇಲೆ ಅಕ್ಕಪಕ್ಕದವರ ಹತ್ತಿರ ಅದೇ ಕಂಪನಿಯ, ಅದೇ ವೋಲ್ಟೇಜ್‌ನ, ಅಷ್ಟೇ ಅಥವಾ ಜಾಸ್ತಿ ವ್ಯಾಟ್‌ನ ಅಡಾಪ್ಟರ್ ಇದ್ದರೆ ಹಾಕಿ ನೋಡಿ. ಟೈಪ್-ಸಿ ಲ್ಯಾಪ್‌ಟಾಪ್ ಆದರೆ ಫೋನಿನ ಚಾರ್ಜರ್ ಸಾಕಾಗದಿರಬಹುದು, ಕೇಬಲ್ ಕೂಡ ಅಷ್ಟು ವ್ಯಾಟ್ ತಡೆಯುವಂಥದ್ದು ಬೇಕು.

60 ಅಥವಾ 80 ಪರ್ಸೆಂಟ್‌ಗೆ ಬಂದು ನಿಂತರೆ ಗಾಬರಿ ಬೇಡ. ಬ್ಯಾಟರಿ ಬಾಳಿಕೆ ಬರಲಿ ಅಂತ ಲೆನೊವೊ, ಏಸುಸ್ ಥರದ ಕಂಪನಿಗಳು ಅಲ್ಲಿಗೇ ನಿಲ್ಲಿಸುವ ಸೆಟ್ಟಿಂಗ್ ಕೊಟ್ಟಿರುತ್ತವೆ. ಅದು ರೋಗವೇ ಅಲ್ಲ, ಅದಕ್ಕೂ ಬ್ಯಾಟರಿ ಮಾರುವವರಿದ್ದಾರೆ. ಬೇಸಿಗೆಯಲ್ಲಿ ಇನ್ನೊಂದು ಕಾರಣ ಇದೆ. ಲಿಥಿಯಂ ಸೆಲ್ ಸುಮಾರು 45 ಡಿಗ್ರಿ ದಾಟಿದರೆ ಚಾರ್ಜ್ ಮಾಡಬಾರದು, ಹಾಗಾಗಿ ಲ್ಯಾಪ್‌ಟಾಪ್ ತಾನೇ ತಡೆಯುತ್ತದೆ. ತಗಡಿನ ಶೆಡ್ಡಿನಲ್ಲಿ ಮಧ್ಯಾಹ್ನ ಚಾರ್ಜ್ ಆಗದ್ದು ರಾತ್ರಿ ಫ್ಯಾನ್ ಕೆಳಗೆ ಆಗಬಹುದು. ಬೇಗ ತಣ್ಣಗಾಗಲಿ ಅಂತ ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ, ಒಳಗೆ ನೀರು ಕಟ್ಟುತ್ತದೆ.

ಚಾರ್ಜರ್ ತೆಗೆದು, ಲ್ಯಾಪ್‌ಟಾಪ್ ಆಫ್ ಮಾಡಿ, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದು ಮತ್ತೆ ಆನ್ ಮಾಡುವುದೂ ಕೆಲವೊಮ್ಮೆ ಕೆಲಸ ಮಾಡುತ್ತದೆ. ಖರ್ಚಿಲ್ಲ, ಮಾಡಿ ನೋಡಿ.

ಬ್ಯಾಟರಿ ನಿಜವಾಗಿ ಸವೆದಿದೆಯಾ ಅಂತ ತಿಳಿಯೋಕೆ ವಿಂಡೋಸ್ ತಾನೇ ವರದಿ ಕೊಡುತ್ತದೆ. ಕಮಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷ್‌ನಲ್ಲಿ ಪವರ್‌ಸಿಎಫ್‌ಜಿ ಅಂತ ಬರೆದು, ಒಂದು ಸ್ಪೇಸ್ ಬಿಟ್ಟು, ಓರೆ ಗೆರೆ (/) ಹಾಕಿ, ಬ್ಯಾಟರಿರಿಪೋರ್ಟ್ ಅಂತ ಕೂಡಿಸಿ ಬರೆದು ಎಂಟರ್ ಒತ್ತಿ. ವರದಿ ಎಲ್ಲಿ ಸೇವ್ ಆಯಿತು ಅಂತ ಅಲ್ಲೇ ತೋರಿಸುತ್ತದೆ. ಅದರಲ್ಲಿ ‘ಡಿಸೈನ್ ಕೆಪ್ಯಾಸಿಟಿ’ ಅಂದರೆ ಹೊಸದಿದ್ದಾಗ ಹಿಡಿಯುತ್ತಿದ್ದದ್ದು, ‘ಫುಲ್ ಚಾರ್ಜ್ ಕೆಪ್ಯಾಸಿಟಿ’ ಅಂದರೆ ಈಗ ಹಿಡಿಯುವುದು. ಎರಡನೆಯದು ಮೊದಲಿನದಕ್ಕೆ ಹತ್ತಿರ ಇದ್ದರೆ ಬ್ಯಾಟರಿ ಸವೆದಿಲ್ಲ, ಬೇರೆ ಕಡೆ ಹುಡುಕಿ. ಅರ್ಧಕ್ಕಿಂತ ಕಡಿಮೆ ಇದ್ದರೆ ಬದಲಿಸೋದು ಸರಿ. ನಕಲಿ ಬ್ಯಾಟರಿಯ ಚಿಪ್ ಸುಳ್ಳು ಅಂಕಿ ಕೊಡಬಹುದು, ಆದ್ದರಿಂದ ಒರಿಜಿನಲ್ ಒಳಗಿರುವಾಗಲೇ ಈ ವರದಿ ತೆಗೆದಿಟ್ಟುಕೊಳ್ಳಿ. ಬ್ಯಾಟರಿ ಬಿಚ್ಚುವ ಮುಂಚೆ ಅದರ ಲೇಬಲ್ಲಿನ ಫೋಟೋ ತೆಗೆಯಿರಿ. ಫೋಟೋ ತೆಗೆಯಬೇಡಿ ಅಂದರೆ ಆ ಅಂಗಡಿಯೇ ಬೇಡ.

ದುಡ್ಡು ವಾಪಸ್ ಬಂತಾ ಅಂತ ಕೇಳಬಹುದು. ಬಂತು. ಅಂಗಡಿಯವರು ಕೊಟ್ಟಿದ್ದು ಬರೀ ಚೀಟಿ, ಜಿಎಸ್‌ಟಿ ನಂಬರ್ ಇರಲಿಲ್ಲ. ಆದರೆ ನಾನು ಫೋನ್‌ಪೇನಲ್ಲಿ ಕೊಟ್ಟಿದ್ದೆ, ಅದೇ ಪುರಾವೆ ಆಯಿತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸಿದೆ, ಕನ್ನಡದಲ್ಲೇ ಮಾತಾಡಬಹುದು. ದೂರಿನ ನಂಬರ್ ಹಿಡಿದುಕೊಂಡು ಉಬ್ಬಿದ ಬ್ಯಾಟರಿಯ ಫೋಟೋ ಮಾಲೀಕರಿಗೆ ತೋರಿಸಿದೆ. ಸ್ವಲ್ಪ ಹೊತ್ತು ಜೋರು ಮಾಡಿದರು, ಆಮೇಲೆ 2,800 ಕೊಟ್ಟರು. ಕೊಡದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತಿದ್ದೆ. ನೀವು ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಅಲ್ಲಿ ದೂರಿಗೆ ಶುಲ್ಕ ಇಲ್ಲ, ಘಟನೆ ಆಗಿ 2 ವರ್ಷದೊಳಗೆ ಹಾಕಬೇಕು. ಚೆನ್ನಾಗಿದ್ದ ನನ್ನ ಹಳೇ ಬ್ಯಾಟರಿ ಮಾತ್ರ ಸಿಗಲಿಲ್ಲ. ಅದು ಯಾರ ಲ್ಯಾಪ್‌ಟಾಪ್‌ನಲ್ಲಿದೆಯೋ.

ಉಬ್ಬಿದ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕಬೇಡಿ, ಕಸದ ರಾಶಿಯಲ್ಲಿ ಬೆಂಕಿ ಹತ್ತಿದರೆ ಮೊದಲು ಸುಡುವುದು ಕಸ ಆಯುವ ಪೌರಕಾರ್ಮಿಕರ ಕೈ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ವಾಪಸ್ ಪಡೆಯುವ ಹೊಣೆ ತಯಾರಕರದ್ದು. ನಿಮ್ಮ ಲ್ಯಾಪ್‌ಟಾಪ್ ಕಂಪನಿಯ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿ ಕೇಳಿ, ಎಲ್ಲಿ ಕೊಡಬೇಕು ಅಂತ ಹೇಳುತ್ತಾರೆ.